ಟ್ಯಾಂಕಿನ ಮೇಲಿನ ಮುಖ

ಎಫ್ರೆನ್ ಸತ್ತು ನಲವತ್ತು ದಿನ ಕಳೆದ ಮೇಲೆ ಅವನ ಅಪ್ಪ ಫಿದೆನ್ಸಿಯೊ ನನ್ನ ಗ್ಯಾರೇಜಿಗೆ ಬಂದ. ಮಾರ್ಚ್ ತಿಂಗಳ ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆಯಿರಬಹುದು. ಹುಲಿಯ ಚಿತ್ರವಿದ್ದ ದಪ್ಪ ಕಂಬಳಿಯಲ್ಲಿ ಏನನ್ನೋ ಸುತ್ತಿ ಎರಡೂ ಕೈಯಿಂದ ಎದೆಗೆ ಅವುಚಿಕೊಂಡಿದ್ದ. ಮಲಗಿದ ಮಗುವನ್ನು ಹಿಡಿದ ಹಾಗಿತ್ತು. ಮೇಜಿನ ಮೇಲಿಟ್ಟು ಕಂಬಳಿ ಬಿಡಿಸಿದ. ಒಳಗಿದ್ದದ್ದು ಫಿದೆನ್ಸಿಯೊನ ಸ್ವಂತ ಮೋಟಾರ್‌ಸೈಕಲ್ಲಿನ ಪೆಟ್ರೋಲ್ ಟ್ಯಾಂಕ್.

ನಾನು ಬಣ್ಣದ ಕೆಲಸದವಳು. ವಿಟಿಯರ್ ಬುಲೆವಾರ್ಡಿನ ಹಿಂದಿನ ಬೀದಿಯಲ್ಲಿ ಅಪ್ಪ ಬಿಟ್ಟುಹೋದ ಗ್ಯಾರೇಜಿನಲ್ಲಿ ಮೂವತ್ತೊಂದು ವರ್ಷದಿಂದ ಗಾಡಿಗಳಿಗೆ ಬಣ್ಣ ಹೊಡೆಯುತ್ತಿದ್ದೇನೆ. ಮೊದಮೊದಲು, "ಅಂಪಾರೊ, ನಿಮ್ಮಪ್ಪ ಎಲ್ಲಿ, ಕರಿ" ಎಂದು ಕೇಳುತ್ತಿದ್ದ ಗಂಡಸರು ಈಗ ಟೋಪಿ ತೆಗೆದು ನಿಲ್ಲುತ್ತಾರೆ. ಈಸ್ಟ್ ಲಾಸ್ ಏಂಜಲೀಸಿನಲ್ಲಿ ಓಡಾಡುವ ಮೈ ಇಳಿಸಿ ಸಿಂಗರಿಸಿದ ತಗ್ಗು ಕಾರು, ತಗ್ಗು ಮೋಟಾರ್‌ಸೈಕಲ್ಲುಗಳಲ್ಲಿ ನನ್ನ ಕೈಯ ಗೆರೆ ಇಲ್ಲದವು ಕಡಿಮೆ. ಕನ್ಯಾಮರಿಯಮ್ಮ, ಗುಲಾಬಿ, ಸತ್ತ ಅಜ್ಜಿಯರು, ಜೈಲಿನಲ್ಲಿರುವ ಅಣ್ಣಂದಿರು, ಎಲ್ಲರನ್ನೂ ಬಿಡಿಸಿದ್ದೇನೆ.

ಫಿದೆನ್ಸಿಯೊ ನನಗೆ ಬರೀ ಗಿರಾಕಿಯಲ್ಲ. ಅವನ ಹೆಂಡತಿ ಸೊಕೊರೊ ಮತ್ತು ನಾನು ಒಂದೇ ಬೆಂಚಿನಲ್ಲಿ ಕೂತು ಓದಿದವರು. ಎಫ್ರೆನ್‌ನ ಜ್ಞಾನಸ್ನಾನದ ದಿನ ಚರ್ಚಿನಲ್ಲಿ ಮಗುವನ್ನು ಎತ್ತಿಕೊಂಡು ಜ್ಞಾನತಾಯಿಯಾಗಿ ನಿಂತವಳು ನಾನು. ಹಾಗೆ ನಿಂತ ಮೇಲೆ ನಮ್ಮಲ್ಲಿ ಅದು ರಕ್ತಸಂಬಂಧಕ್ಕಿಂತ ಹೆಚ್ಚು. ಅವರಿಬ್ಬರಿಗೂ ನಾನು ಕೊಮಾದ್ರೆ, ಅವನು ನನಗೆ ಕೊಂಪಾದ್ರೆ. ಆ ಗೌರವಕ್ಕೆ ಇಪ್ಪತ್ತೆರಡು ವರ್ಷದಿಂದ ನಾವಿಬ್ಬರೂ ಒಬ್ಬರಿಗೊಬ್ಬರು ಬಹುವಚನದಲ್ಲೇ ಮಾತಾಡುತ್ತೇವೆ.

"ಕೊಮಾದ್ರೆ, ಇದರ ಮೇಲೆ ಅವನ ಮುಖ ಬರೀಬೇಕು" ಎಂದ.

ನಾನು ಟ್ಯಾಂಕ್ ಮುಟ್ಟಿ ನೋಡಿದೆ. ಅದರ ಬಣ್ಣ ಹೊಡೆದವಳೂ ನಾನೇ. ಕೆಳಗೆ ಬೆಳ್ಳಿಪುಡಿ, ಮೇಲೆ ಒಂಬತ್ತು ಪದರ ದಾಳಿಂಬೆ ಕೆಂಪು. ಬಿಸಿಲಿಗೆ ಹಿಡಿದರೆ ಒಳಗೆ ದೀಪ ಹಚ್ಚಿಟ್ಟ ಹಾಗೆ ಕಾಣುತ್ತದೆ. ಆ ಗಾಡಿಗೆ ಅವನು 'ಕಾನ್ಸೆಂಟಿದಾ' ಎಂದು ಹೆಸರಿಟ್ಟಿದ್ದ, ಮುದ್ದಿನವಳು ಅಂತ. ಹಳೆಯ ಹಾರ್ಲೆಯೊಂದನ್ನು ತಂದು ಒಂಬತ್ತು ವರ್ಷ ತಿದ್ದಿದ್ದ. ತಲೆಗಿಂತ ಎತ್ತರದ ಹ್ಯಾಂಡಲ್, ಬಿಳಿ ಅಂಚಿನ ಟೈರು, ಒತ್ತೊತ್ತಾಗಿ ಎಂಬತ್ತು ಕಡ್ಡಿಯ ಚಕ್ರ, ಹಿಂದಿನ ಚಕ್ರವನ್ನೂ ದಾಟಿ ಮೀನಿನ ಬಾಲದಂತೆ ಚಾಚಿಕೊಂಡ ಎರಡು ಸೈಲೆನ್ಸರ್, ಕ್ರೋಮಿನ ಮೇಲೆಲ್ಲ ಬಳ್ಳಿ ಕೆತ್ತನೆ. ಟ್ಯಾಂಕಿನ ನಡುವಿನ ಮೀಟರ್ ಕಿತ್ತು ಹಾಕಿ, ಬೆನ್ನು ನುಣ್ಣಗೆ ಒಂದೇ ತಗಡಾಗುವಂತೆ ಬೆಸುಗೆ ಹಾಕಿಸಿದ್ದ. ವಾರವಿಡೀ ಕಾಂಕ್ರೀಟ್ ಲಾರಿ ಓಡಿಸುತ್ತಿದ್ದವನಿಗೆ ಭಾನುವಾರ ಬಂದರೆ ಅದರ ಮುಂದೆ ಕೂತು ಒರೆಸುವುದೇ ಪೂಜೆ. "ಫಿದೆನ್ಸಿಯೊಗೆ ಇಬ್ಬರು ಮಕ್ಕಳು, ಮುದ್ದಿನೋಳಿಗೆ ಎರಡು ಚಕ್ರ" ಎಂದು ಅವನ ಮೋಟಾರ್‌ಸೈಕಲ್ ಕ್ಲಬ್ಬಿನವರು ನಗುತ್ತಿದ್ದರು. ಅವನೂ ನಗುತ್ತಿದ್ದ.

"ಯಾವ ಪಕ್ಕಕ್ಕೆ ಬರೀಲಿ? ಎಡಕ್ಕೋ ಬಲಕ್ಕೋ?" ಎಂದು ಕೇಳಿದೆ.

"ಪಕ್ಕಕ್ಕೆ ಬೇಡ. ಮೇಲೆ, ಬೆನ್ನ ಮೇಲೆ. ಮುಖ ನನ್ ಕಡೆ ತಿರುಗಿರಬೇಕು."

"ಹಾಗ್ ಬರೆದ್ರೆ ಎದುರುಗಡೆಯಿಂದ ಬರೋರಿಗೆ ತಲೆಕೆಳಗಾಗಿ ಕಾಣುತ್ತೆ, ಕೊಂಪಾದ್ರೆ."

"ಅವರಿಗೆ ಕಾಣೋದು ಬೇಡ."

ಅಷ್ಟು ಹೇಳಿ ಎರಡು ಫೋಟೋ ಮೇಜಿನ ಮೇಲಿಟ್ಟು ಹೊರಟುಹೋದ. ಒಂದು ಡ್ರೈವಿಂಗ್ ಲೈಸೆನ್ಸಿನದು. ಇನ್ನೊಂದರಲ್ಲಿ ಎಫ್ರೆನ್ ಯಾವುದೋ ಗುಂಪಿನ ಹಿಂದೆ ಅರ್ಧ ಮರೆಯಾಗಿ ನಿಂತಿದ್ದ. ಇಪ್ಪತ್ತೆರಡು ವರ್ಷದ ಮಗನದು ಅಪ್ಪನ ಹತ್ತಿರ ಇದ್ದದ್ದು ಅಷ್ಟೇ.

ಎಫ್ರೆನ್ ಹೋದದ್ದೂ ಮೋಟಾರ್‌ಸೈಕಲ್ಲಿನಲ್ಲೇ. ತಾನೇ ದುಡಿದು ಕೊಂಡಿದ್ದ ಹಳೆಯ ಓಟದ ಗಾಡಿ, ಮೈಯೆಲ್ಲ ಪ್ಲಾಸ್ಟಿಕ್ ಹೊದಿಕೆಯದು. ಬುಧವಾರ ಸಂಜೆ ಗೋದಾಮಿನ ಕೆಲಸ ಮುಗಿಸಿ ಬರುತ್ತಿದ್ದಾಗ ಫ್ರೀವೇಯಿಂದ ಇಳಿಯುವ ತಿರುವಿನಲ್ಲಿ ಸಾಲುಗಟ್ಟಿ ನಿಂತಿದ್ದ ವಾಹನಗಳ ಕೊನೆಯ ಲಾರಿಗೆ ಹಿಂದಿನಿಂದ ಗುದ್ದಿದ. ಲಾರಿಯವನು ದಿಢೀರನೆ ನಿಲ್ಲಿಸಿದ ಅಂತ ಫಿದೆನ್ಸಿಯೊ ಎಲ್ಲರಿಗೂ ಹೇಳಿದ್ದ. ನಾವೂ ಅದನ್ನೇ ನಂಬಿದ್ದೆವು.

ಎರಡು ದಿನ ಬಿಟ್ಟು ಸೊಕೊರೊ ಬಂದಳು. ಶಾಲೆಯ ಅಡುಗೆಮನೆಯ ಕೆಲಸದ ಏಪ್ರನ್ ಇನ್ನೂ ಮೈಮೇಲಿತ್ತು. ಕೂರು ಅಂದರೆ ಕೂರಲಿಲ್ಲ.

"ಅವನು ಹೇಳಿದ್ದು ನಿಜಾನೇನೆ? ನನ್ ಮಗನ ಮುಖಾನ ಆ ಟ್ಯಾಂಕಿನ ಮೇಲೆ ಬರೀತೀಯಾ?"

"ಅಪ್ಪ ಕಣೆ ಅವನು. ನೆನಪಿಗೆ ಅಂತ ಕೇಳಿದ."

"ನೆನಪು! ಮಗು ಬದುಕಿದ್ದಾಗ ಆ ಟ್ಯಾಂಕಿನ ಮೇಲೆ ಬೆರಳು ಇಡಕ್ಕೆ ಬಿಟ್ಟಿದ್ನಾ? ಒಂದ್ಸಲ ಜಾಕೆಟ್ಟಿನ ಜಿಪ್ಪು ತಾಗಿ ಗೀರು ಬಿತ್ತು ಅಂತ ವಾರಗಟ್ಟಲೆ ಮಾತು ಬಿಟ್ಟಿದ್ದ. ಈಗ ಅದೇ ಟ್ಯಾಂಕಿನ ಮೇಲೆ ಮಗನ್ನ ಮಲಗಿಸ್ಕೊಂಡು ಬುಲೆವಾರ್ಡಿನಲ್ಲಿ ಮೆರವಣಿಗೆ ಹೋಗ್ತಾನಂತೆ. ಕಾಲಿನ ಮಧ್ಯ ಇಟ್ಕೊಂಡು! ಅವನಿಗಂತೂ ನಾಚಿಕೆ ಇಲ್ಲ, ನಿನಗೂ ಇಲ್ವಾ?"

ಆಮೇಲೆ ಕೈಚೀಲದಿಂದ ಒಂದು ಫೋಟೋ ತೆಗೆದಳು. ಅವಳ ಅಣ್ಣನ ಮಗಳ ಹದಿನೈದನೇ ಹುಟ್ಟುಹಬ್ಬದ ದಿನದ್ದು. ಎಫ್ರೆನ್ ಬಾಡಿಗೆ ಕೋಟು ಹಾಕಿಕೊಂಡು ಬಾಯ್ತುಂಬ ನಗುತ್ತಿದ್ದ. ಹಲ್ಲಿಗೆ ಕೊತ್ತಂಬರಿ ಎಲೆಯ ಚೂರು ಅಂಟಿಕೊಂಡಿತ್ತು.

"ಬರೆಯೋದೇ ಆದ್ರೆ ಇದನ್ನ ಬರಿ. ಆ ಲೈಸೆನ್ಸಿನ ಫೋಟೋ ಬೇಡ. ಅದರಲ್ಲಿ ಕಳ್ಳನ ಥರ ಇದಾನೆ" ಎಂದು ಹೇಳಿ, ಅಳು ಬರುವ ಮೊದಲೇ ಹೊರಟುಬಿಟ್ಟಳು.

ನಾನು ಅದನ್ನೇ ಬರೆದೆ. ಟ್ಯಾಂಕಿನ ಬೆನ್ನಿನ ಕೆಂಪನ್ನು ಉಪ್ಪು ಕಾಗದದಿಂದ ಉಜ್ಜಿ ಮಂಕು ಮಾಡಿ, ಏರ್‌ಬ್ರಶ್ಶಿನಲ್ಲಿ ಬಿಳಿ, ಕಪ್ಪು, ಬೂದು ಬಣ್ಣದಲ್ಲೇ ಮುಖ ಎಬ್ಬಿಸಿದೆ. ಕೊತ್ತಂಬರಿ ಚೂರನ್ನು ಮಾತ್ರ ಬರೆಯಲಿಲ್ಲ. ಹನ್ನೊಂದು ದಿನ ಹಿಡಿಯಿತು. ಸತ್ತವರನ್ನು ಬರೆಯುವುದು ನನಗೆ ಹೊಸದಲ್ಲ, ಆದರೆ ನಾನೇ ಎತ್ತಿ ಆಡಿಸಿದ ಮುಖವನ್ನು ಬರೆದಿರಲಿಲ್ಲ. ಕೆನ್ನೆಗೆ ನೆರಳು ಕೊಡುವಾಗ ಕೈ ನಿಂತುಬಿಡುತ್ತಿತ್ತು. ಆಗ ಅಂಗಳಕ್ಕೆ ಹೋಗಿ ನಿಂಬೆ ಗಿಡಕ್ಕೆ ನೀರು ಹಾಕಿ ಬರುತ್ತಿದ್ದೆ. ಆ ಹನ್ನೊಂದು ದಿನದಲ್ಲಿ ಆ ಗಿಡ ಕುಡಿದಷ್ಟು ನೀರು ಯಾವತ್ತೂ ಕುಡಿದಿರಲಿಲ್ಲ.

ಮೇಲಿನ ಮೆರುಗು ಹಾಕುವ ಮೊದಲು ಫಿದೆನ್ಸಿಯೊನನ್ನು ಕರೆಸಿ ತೋರಿಸಿದೆ. ಅವನು ಬಹಳ ಹೊತ್ತು ನೋಡಿದ.

"ಚೆನ್ನಾಗಿದೆ ಕೊಮಾದ್ರೆ. ಆದ್ರೆ ಇದಲ್ಲ."

"ಇದಲ್ಲ ಅಂದ್ರೆ? ಸೊಕೊರೊನೇ ಕೊಟ್ಟ ಫೋಟೋ ಇದು."

"ನನ್ ಮುಂದೆ ಅವನು ಹೀಗೆ ನಗ್ತಿರ್ಲಿಲ್ಲ."

"ಮತ್ತೆ ಹೇಗಿರ್ತಿದ್ದ? ನೀವೇ ಹೇಳಿ. ಹುಬ್ಬು ಹೇಗಿತ್ತು? ಬಾಯಿ ಹೇಗಿತ್ತು? ನಾನು ಗಾಳೀಲಿ ಬರೆಯಕ್ಕೆ ಆಗಲ್ಲ."

ಅವನು ನನ್ನ ಬಣ್ಣದ ಡಬ್ಬದ ಮೇಲೆ ಕೂತ. ದೊಡ್ಡ ಆಳು, ಭುಜದ ಅಗಲಕ್ಕೇ ಬಾಗಿಲು ಮುಚ್ಚಿಹೋಗುತ್ತಿತ್ತು. ತಲೆ ಎತ್ತದೆ ಹೇಳಲು ಶುರುಮಾಡಿದ.

"ಆ ಬುಧವಾರದ ಹಿಂದಿನ ಭಾನುವಾರ. ಕ್ಲಬ್ಬಿನೋರೆಲ್ಲ ನಮ್ಮನೇಲಿದ್ರು. ಹನ್ನೊಂದಕ್ಕೆ ಹೊರಡಬೇಕಿತ್ತು. ನಾನು ಸೈಲೆನ್ಸರ್ ಒರೆಸ್ತಿದ್ದೆ. ಅವನು ಗ್ಯಾರೇಜಿನ ಬಾಗಿಲಲ್ಲಿ ಬಂದು ನಿಂತ. 'ಅಪಾ, ಮುಂದಿನ ಬ್ರೇಕು ಮೆತ್ತಗಾಗಿದೆ. ಹಿಡಿದ್ರೆ ಹ್ಯಾಂಡಲ್ಲಿನವರೆಗೂ ಬಂದ್ಬಿಡುತ್ತೆ. ಒಂದರ್ಧ ಗಂಟೆ ನೋಡ್ಕೊಡ್ತೀಯಾ?' ಅಂದ."

ನನ್ನ ಕೈಯಲ್ಲಿ ಉಪ್ಪು ಕಾಗದವಿತ್ತು. ಅದನ್ನು ಎಲ್ಲಿಡಬೇಕು ಅಂತ ಗೊತ್ತಾಗಲಿಲ್ಲ.

"ನಾನು ತಿರುಗಿ ಕೂಡ ನೋಡ್ಲಿಲ್ಲ. 'ಆ ಪ್ಲಾಸ್ಟಿಕ್ ಡಬ್ಬಾನ ನನ್ ಗ್ಯಾರೇಜಿನ ಒಳಗೆ ತರಬೇಡ. ಆಟದ ಸಾಮಾನಿನ ಅಂಗಡಿಗೆ ತಗೊಂಡ್ಹೋಗು' ಅಂದೆ. ಎಲ್ಲರೂ ನಕ್ಕರು. ನಮ್ ಕ್ಲಬ್ಬಿನ ತಾಚೊ ಅಂತೂ ಬಿಯರ್ ಕಕ್ಕೋ ಹಾಗೆ ನಕ್ಕ. ಎಫ್ರೆನ್ನೂ ನಕ್ಕ, ಸ್ವಲ್ಪ. ಆಮೇಲೆ ಹೋಗಿರ್ತಾನೆ ಅಂದ್ಕೊಂಡು ತಿರುಗಿದೆ. ಹೋಗಿರ್ಲಿಲ್ಲ. ಅಲ್ಲೇ ನಿಂತಿದ್ದ. ಇನ್ನೊಂದ್ಸಲ ಕೇಳಬಹುದಾ ಬೇಡವಾ ಅಂತ ನೋಡ್ತಾ ಇದ್ದ. ಆ ಮುಖ, ಕೊಮಾದ್ರೆ. ಅದನ್ನ ಬರೀರಿ."

"ಮತ್ತೆ ಲಾರಿಯವನು?"

"ಲಾರಿಯವನದು ತಪ್ಪಿಲ್ಲ. ನಿಂತಿದ್ದ ಲಾರಿ ಅದು. ಬ್ರೇಕಿನ ಎಣ್ಣೆ ಸೋರಿಹೋಗಿತ್ತು ಅಂತ ಪೊಲೀಸರ ಕಾಗದದಲ್ಲಿದೆ. ಟೂಲ್ ಪೆಟ್ಟಿಗೇಲಿ ಬಚ್ಚಿಟ್ಟಿದೀನಿ. ಸೊಕೊರೊಗೆ ಗೊತ್ತಿಲ್ಲ."

ಅರ್ಧ ಗಂಟೆ. ಅಷ್ಟೂ ಬೇಡ, ಬ್ರೇಕಿನ ಪೈಪು ಬದಲಿಸಿ ಎಣ್ಣೆ ತುಂಬಿ ಗಾಳಿ ತೆಗೆಯುವುದು ಅವನಂಥ ಕೈಗೆ ಇಪ್ಪತ್ತು ನಿಮಿಷದ ಕೆಲಸ.

"ಹೊರಗ್ ಹೋಗಿ" ಎಂದೆ. "ಕೊಂಪಾದ್ರೆ, ದಯವಿಟ್ಟು ಈಗ ಹೊರಗ್ ಹೋಗಿ."

ಅವನು ಎದ್ದು ಹೋದ. ನಾನು ಗ್ಯಾರೇಜಿನ ಬಾಗಿಲು ಎಳೆದುಕೊಂಡು ಮೂರು ದಿನ ಒಳಗೆ ಕಾಲಿಡಲಿಲ್ಲ. ಅವನನ್ನು ಬೈದುಕೊಂಡೆ, ತಾಚೊನನ್ನು ಬೈದುಕೊಂಡೆ. ನನ್ನನ್ನೂ ಬೈದುಕೊಂಡೆ. ಆ ಸೋಮವಾರವೋ ಮಂಗಳವಾರವೋ ಎಫ್ರೆನ್ ಇದೇ ಬೀದಿಯಲ್ಲಿ ಹಾದುಹೋಗುತ್ತ ನನ್ನನ್ನು ಕಂಡು ಹಾರ್ನ್ ಹೊಡೆದಿದ್ದ. ನಾನು ಕೈಬೀಸಿ ಕೆಲಸಕ್ಕೆ ಬಗ್ಗಿದ್ದೆ. ಅವನನ್ನು ನಿಲ್ಲಿಸಿದ್ದರೆ ಬ್ರೇಕಿನ ಮಾತು ಎತ್ತುತ್ತಿದ್ದನೋ ಏನೋ.

ನಾಲ್ಕನೇ ದಿನ ನಗುವ ಮುಖವನ್ನು ಉಜ್ಜಿ ತೆಗೆದೆ. ಈ ಸಲ ಫೋಟೋ ಬೇಕಾಗಲಿಲ್ಲ. ಫಿದೆನ್ಸಿಯೊ ಹೇಳಿದ ಮುಖ ನನಗೂ ಗೊತ್ತಿತ್ತು. ಎಫ್ರೆನ್ ಚಿಕ್ಕವನಿದ್ದಾಗಿನಿಂದ ಅದೇ. ಏನಾದರೂ ಬೇಕಿದ್ದರೆ ಒಂದು ಸಲ ಕೇಳುತ್ತಿದ್ದ, ಇಲ್ಲ ಅಂದರೆ ಹಟ ಮಾಡುತ್ತಿರಲಿಲ್ಲ. ಎಡ ಹುಬ್ಬು ಒಂದಿಷ್ಟು ಮೇಲೆ ಹೋಗುತ್ತಿತ್ತು, ಕೆಳತುಟಿ ಒಳಗೆ ಸೇರುತ್ತಿತ್ತು, ಕಣ್ಣು ಮಾತ್ರ ಕಾಯುತ್ತಿತ್ತು. ಐದು ದಿನಕ್ಕೆ ಮುಗಿಯಿತು. ನನ್ನ ಕೈಯಿಂದ ಅಂಥ ಕೆಲಸ ಮೊದಲೂ ಆಗಿಲ್ಲ, ಮುಂದೂ ಆಗುವುದಿಲ್ಲ. ಅದನ್ನು ನೋಡಿ ನನಗೆ ಸಂತೋಷವೇನೂ ಆಗಲಿಲ್ಲ.

ಫಿದೆನ್ಸಿಯೊ ಬಂದು ಒಮ್ಮೆ ನೋಡಿ, ಕಂಬಳಿಯಲ್ಲಿ ಸುತ್ತಿಕೊಂಡು ಹೋದ. ಹೋಗುವಾಗ ಬಾಗಿಲಲ್ಲಿ ನಿಂತು, "ಅವಳಿಗೆ ಹೇಳಬೇಡಿ" ಎಂದ. ನಾನು ಏರ್‌ಬ್ರಶ್ ತೊಳೆಯಲು ತಿರುಗಿದೆ.

ಮೇ ತಿಂಗಳಲ್ಲಿ ಎಫ್ರೆನ್‌ಗೆ ಇಪ್ಪತ್ಮೂರು ತುಂಬಬೇಕಿತ್ತು. ಆ ದಿನ ಚರ್ಚಿನಲ್ಲಿ ಪೂಜೆ ಮುಗಿಸಿ, ಕ್ಲಬ್ಬಿನ ಗಾಡಿಗಳೆಲ್ಲ ಸಾಲಾಗಿ ಗುಡ್ಡದ ಮೇಲಿನ ಸ್ಮಶಾನಕ್ಕೆ ಹೋಗುವುದೆಂದು ನಿಶ್ಚಯವಾಗಿತ್ತು. ಮೂವತ್ತು ಮೋಟಾರ್‌ಸೈಕಲ್ಲು, ಎಲ್ಲವೂ ನೆಲಕ್ಕೆ ತಾಗುವಷ್ಟು ತಗ್ಗು, ನಡಿಗೆಯ ವೇಗದಲ್ಲಿ ಬುಲೆವಾರ್ಡ್ ಹಿಡಿದು ಹೋದವು. ಅಂಗಡಿಯವರು ಹೊರಗೆ ಬಂದು ನಿಂತರು. ಎಲ್ಲಕ್ಕಿಂತ ಮುಂದೆ ಕಾನ್ಸೆಂಟಿದಾ. ಫಿದೆನ್ಸಿಯೊ ರಸ್ತೆಗಿಂತ ಹೆಚ್ಚಾಗಿ ಟ್ಯಾಂಕನ್ನೇ ನೋಡುತ್ತಿದ್ದ. ಸೊಕೊರೊ ಅವನ ಹಿಂದೆ ಕೂರಲು ಒಪ್ಪದೆ ನನ್ನ ಕಾರಿನಲ್ಲಿ ಬಂದಳು. ದಾರಿಯುದ್ದಕ್ಕೂ ತೊಡೆಯ ಮೇಲೆ ಚೆಂಡುಹೂವಿನ ಬಕೆಟ್ಟು ಹಿಡಿದುಕೊಂಡಿದ್ದಳು.

ಸ್ಮಶಾನದಲ್ಲಿ ಗಾಡಿಗಳನ್ನು ಸಾಲಾಗಿ ನಿಲ್ಲಿಸಿ ಎಲ್ಲರೂ ಇಳಿದರು. ಫಿದೆನ್ಸಿಯೊ ಹೂ ತಗೊಂಡು ಸಮಾಧಿಯ ಕಡೆ ನಡೆದ. ಸೊಕೊರೊ ಮಾತ್ರ ಸೀದಾ ಕಾನ್ಸೆಂಟಿದಾ ಹತ್ತಿರ ಹೋದಳು. ಅಲ್ಲಿಯವರೆಗೆ ಆ ಚಿತ್ರವನ್ನು ಅವಳು ನೋಡಿರಲೇ ಇಲ್ಲ, ನೋಡುವುದಿಲ್ಲ ಎಂದು ಆಣೆ ಹಾಕಿದ್ದಳು. ನಾನು ಹಿಂದೆಯೇ ಹೋದೆ. ಅವಳು ಸೀಟಿನ ಪಕ್ಕಕ್ಕೆ ಬಂದು ಬಗ್ಗಿದಳು.

ನಾನು ಅವಳು ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ.

"ನಾನು ಕೊಟ್ಟ ಫೋಟೋ ಇದಲ್ಲ" ಎಂದಳು.

"ಅಲ್ಲ."

"ಈ ಮುಖ ಯಾವ ಫೋಟೋದಲ್ಲೂ ಇಲ್ಲ. ಇದು ನನಗೆ ಗೊತ್ತು ಕಣೆ. ಏನೋ ಕೇಳಿ ಇಲ್ಲ ಅನ್ನಿಸ್ಕೊಂಡಾಗ ಹೀಗೆ ಮಾಡ್ತಿದ್ದ." ಅವಳು ನೆಟ್ಟಗೆ ನಿಂತು ನನ್ನ ಕಣ್ಣಿಗೆ ಕಣ್ಣಿಟ್ಟಳು. "ಅಂಪಾರೊ, ನನ್ ಮಗ ಏನು ಕೇಳಿದ? ಇಲ್ಲ ಅಂದೋರು ಯಾರು?"

ಕಣ್ಣು ನನ್ನ ಮಾತು ಕೇಳಲಿಲ್ಲ. ಅದು ಸಮಾಧಿಯ ಹತ್ತಿರ ಬೆನ್ನು ತಿರುಗಿಸಿ ನಿಂತಿದ್ದ ಫಿದೆನ್ಸಿಯೊ ಕಡೆಗೆ ಹೋಯಿತು.

ಸೊಕೊರೊ ಅವನ ಹತ್ತಿರ ನಡೆದುಹೋದಳು. ಏನು ಕೇಳಿದಳೋ ನನಗೆ ಕೇಳಿಸಲಿಲ್ಲ. ಅವನು ಟೋಪಿ ತೆಗೆದು ಎದೆಗೆ ಹಿಡಿದುಕೊಂಡು ಹೇಳಿದ. ತುಂಬ ಹೊತ್ತೇನೂ ಹೇಳಲಿಲ್ಲ, ಹೇಳುವಂಥದ್ದು ಇದ್ದದ್ದೇ ಅಷ್ಟು. ಕ್ಲಬ್ಬಿನವರಲ್ಲಿ ಕೆಲವರು ನೆಲ ನೋಡಿದರು. ತಾಚೊ ತನ್ನ ಗಾಡಿಯ ಹಿಂದೆ ಹೋಗಿ ನಿಂತ. ಸೊಕೊರೊ ಕಿರುಚಾಡಲಿಲ್ಲ, ಹೊಡೆಯಲಿಲ್ಲ. ಅವನ ಕೈಯಿಂದ ಹೂಗಳನ್ನು ಒಂದೊಂದಾಗಿ ಬಿಡಿಸಿಕೊಂಡು ತಾನೇ ಸಮಾಧಿಯ ಮೇಲಿಟ್ಟಳು. ಆಮೇಲೆ ಬಂದು ನನ್ನ ಕಾರಿನ ಮುಂದಿನ ಸೀಟಿನಲ್ಲಿ ಕೂತಳು.

"ನಿನಗೆ ಎಷ್ಟು ದಿನದಿಂದ ಗೊತ್ತಿತ್ತು?" ಎಂದು ದಾರಿಯಲ್ಲಿ ಕೇಳಿದಳು.

"ಏಪ್ರಿಲ್‌ನಿಂದ."

"ನಮ್ಮನೇಗೆ ಬಂದು ಊಟ ಮಾಡಿಕೊಂಡು ಹೋದೆಯಲ್ಲ, ಈಸ್ಟರ್ ದಿನ. ಆಗಲೂ ಗೊತ್ತಿತ್ತಾ?"

"ಗೊತ್ತಿತ್ತು."

ಅವಳು ಕಿಟಕಿಯ ಕಡೆ ತಿರುಗಿಕೊಂಡಳು. ನಲವತ್ತು ವರ್ಷದ ಗೆಳೆತನದಲ್ಲಿ ನಾವು ಅಷ್ಟು ದೂರ ಕೂತದ್ದು ಅದೇ ಮೊದಲು.

ಆಮೇಲಿನ ತಿಂಗಳುಗಳಲ್ಲಿ ಅವರಿಬ್ಬರೂ ಒಂದೇ ಮನೆಯಲ್ಲಿದ್ದರು, ಅಷ್ಟೇ. ಅವಳು ಎಫ್ರೆನ್‌ನ ಕೋಣೆಗೆ ಹಾಸಿಗೆ ಬದಲಿಸಿದಳು. ಅವನಿಗೆ ಅಡುಗೆ ಮಾಡಿ ಮೇಜಿನ ಮೇಲಿಡುತ್ತಿದ್ದಳು, ಅವನು ಬರುವ ಮೊದಲು ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಇದೆಲ್ಲ ಬೇರೆಯವರಿಂದ ನನ್ನ ಕಿವಿಗೆ ಬೀಳುತ್ತಿತ್ತು.

ಆಗಸ್ಟ್‌ನಲ್ಲಿ ಫಿದೆನ್ಸಿಯೊ ಮತ್ತೆ ಟ್ಯಾಂಕ್ ಹೊತ್ತು ತಂದ. ಬಹಳ ಇಳಿದುಹೋಗಿದ್ದ.

"ಇದನ್ನ ಮುಚ್ಚಿಬಿಡಿ ಕೊಮಾದ್ರೆ. ಇದು ಮನೇಲಿರೋದನ್ನ ಅವಳ ಕೈಲಿ ಸಹಿಸಕ್ಕಾಗ್ತಿಲ್ಲ."

"ಅವಳು ಹಾಗೆ ಹೇಳಿದ್ಲಾ?"

"ಅವಳು ಏನೂ ಹೇಳಲ್ಲ."

ಟ್ಯಾಂಕ್ ಇಟ್ಟು ಹೋದ. ನಾನು ಕಪ್ಪು ಬಣ್ಣ ಕಲಸಿಟ್ಟೆ. ಕಲಸಿದ್ದು ಬಟ್ಟಲಲ್ಲೇ ಗಟ್ಟಿಯಾಯಿತು. ಮರುದಿನ ಸೊಕೊರೊ ಬಂದಳು. ಮೇ ತಿಂಗಳ ನಂತರ ನನ್ನ ಹೊಸಿಲು ತುಳಿದದ್ದು ಆಗಲೇ.

"ಮುಟ್ಟಿದೀಯಾ?"

"ಇನ್ನೂ ಇಲ್ಲ."

"ಮುಟ್ಟಬೇಡ. ನಾನು ಸಹಿಸಲ್ಲ ಅಂದ್ನಂತೆ. ನಾನು ದಿನಾ ಬೆಳಿಗ್ಗೆ ಗ್ಯಾರೇಜಿಗೆ ಹೋಗಿ ಆ ಮುಖಾನ ನೋಡಿ ಬರ್ತೀನಿ. ನಗ್ತಾ ಇರೋ ಫೋಟೋ ನನ್ ಹತ್ರ ಐವತ್ತಿದೆ. ಇದೊಂದೇ, ಏನಾಯ್ತು ಅಂತ ನನಗೆ ಗೊತ್ತಿಲ್ಲದೆ ಹೋದ ಆ ಭಾನುವಾರದ್ದು. ತಡೆಯಕ್ಕಾಗದೇ ಇರೋದು ಅವನಿಗೆ. ತಡೀಲಿ."

"ನಾನಂತೂ ಮುಚ್ಚಲ್ಲ ಕಣೆ" ಎಂದೆ. "ನಾನು ಎತ್ತಿಕೊಂಡು ನಿಂತ ಮಗು ಅದು. ನನ್ ಕೈಯಿಂದ ಅಳಿಸಲ್ಲ."

ಫಿದೆನ್ಸಿಯೊಗೂ ಅದನ್ನೇ ಹೇಳಿ ಟ್ಯಾಂಕ್ ವಾಪಸು ಕೊಟ್ಟೆ. ಅವನು ವಾದ ಮಾಡಲಿಲ್ಲ. ಗಾಡಿಗೆ ಜೋಡಿಸಿಟ್ಟ, ಆದರೆ ಮತ್ತೆ ಹತ್ತಲಿಲ್ಲ. ಕ್ಲಬ್ಬಿನ ಜಾಕೆಟ್ಟನ್ನು ಮಡಿಸಿ ತಾಚೊ ಕೈಗೆ ಕೊಟ್ಟು ಬಂದ. ಆ ನವೆಂಬರಿನಿಂದ ಭಾನುವಾರ ಬೆಳಿಗ್ಗೆ ತನ್ನ ಗ್ಯಾರೇಜಿನ ಬಾಗಿಲನ್ನು ಪೂರ್ತಿ ಎತ್ತಿ, ಬೀದಿಯಲ್ಲಿ ಹೋಗುವ ಹುಡುಗರ ಗಾಡಿಗಳನ್ನು ಕೈಮಾಡಿ ಕರೆದು ಬ್ರೇಕ್ ನೋಡಿಕೊಡಲು ಶುರುಮಾಡಿದ. ಪ್ಲಾಸ್ಟಿಕ್ಕಿನದಾದರೂ ಸರಿ, ಸ್ಕೂಟರಾದರೂ ಸರಿ. ಹುಡುಗರು ಮೊದಲು ಗೇಲಿ ಮಾಡಿದರು, "ಮುದುಕನಿಗೆ ತಲೆ ಕೆಟ್ಟಿದೆ" ಎಂದರು. ಆಮೇಲೆ ಸಾಲುಗಟ್ಟಿ ಬಂದರು. ಅವನು ಯಾರ ಹತ್ತಿರವೂ ಮಾತಾಡುತ್ತಿರಲಿಲ್ಲ. ಬ್ರೇಕ್ ಗಟ್ಟಿಯಾದ ಮೇಲೆ ಗಾಡಿಯ ಸೀಟು ತಟ್ಟುತ್ತಿದ್ದ, ಹೋಗು ಅಂತ.

ಅದನ್ನು ಕಂಡು ಸೊಕೊರೊಳ ಮನಸ್ಸು ಕರಗಬಹುದು ಎಂದು ನಾವೆಲ್ಲ ಅಂದುಕೊಂಡೆವು. ಕರಗಲಿಲ್ಲ. "ಬೇರೆಯೋರ ಮಕ್ಕಳಿಗೆ ಟೈಮಿದೆ" ಎಂದು ಒಮ್ಮೆ ಬ್ರೆಡ್ಡಿನ ಅಂಗಡಿಯಲ್ಲಿ ಯಾರಿಗೋ ಹೇಳಿದಳಂತೆ. ವರ್ಷ ತುಂಬಿದ ಪೂಜೆ ಮುಗಿದ ಮಾರನೆಯ ವಾರ ಎರಡು ಸೂಟ್‌ಕೇಸ್ ತಗೊಂಡು ಬೇಕರ್ಸ್‌ಫೀಲ್ಡಿನ ತಂಗಿಯ ಮನೆಗೆ ಹೊರಟುಹೋದಳು. ಅಲ್ಲೂ ಒಂದು ಶಾಲೆಯ ಅಡುಗೆಮನೆಯಲ್ಲೇ ಕೆಲಸ ಹಿಡಿದಳು.

ನನ್ನನ್ನು ಅವಳು ಪೂರ್ತಿ ಬಿಡಲಿಲ್ಲ. ತಿಂಗಳಿಗೊಮ್ಮೆ ಫೋನ್ ಮಾಡುತ್ತಾಳೆ. ಅಲ್ಲಿನ ಸೆಕೆ, ಧೂಳು, ತಂಗಿಯ ಮೊಮ್ಮಕ್ಕಳ ಕಾಟ, ಎಲ್ಲ ಹೇಳುತ್ತಾಳೆ. ಗಂಡನ ಹೆಸರು ಎತ್ತುವುದಿಲ್ಲ. ನಾನೂ ಎತ್ತುವುದಿಲ್ಲ. ಹೋದ ತಿಂಗಳು ಮಾತ್ರ ಫೋನ್ ಇಡುವ ಹೊತ್ತಿಗೆ, "ಊಟ ಗೀಟ ಮಾಡ್ತಾನಾ?" ಎಂದು ಕೇಳಿದಳು.

"ಗೊತ್ತಿಲ್ಲ ಕಣೆ. ನಾನು ಆ ಕಡೆ ಹೋಗೋದು ಕಮ್ಮಿ."

"ಹೂಂ" ಎಂದು ಇಟ್ಟುಬಿಟ್ಟಳು.

ಮರುದಿನ ಭಾನುವಾರ. ಬೀನ್ಸ್ ಬೇಯಿಸಿ, ಹಸಿಮೆಣಸಿನಕಾಯಿ ಹುರಿದುಹಾಕಿ, ಒಂದು ಪಾತ್ರೆ ತುಂಬಿಕೊಂಡು ಹೋದೆ. ಫಿದೆನ್ಸಿಯೊ ಯಾರದೋ ಸ್ಕೂಟರಿನ ಮುಂದೆ ಮೊಣಕಾಲೂರಿ ಬ್ರೇಕಿನ ಎಣ್ಣೆ ಇಳಿಸುತ್ತಿದ್ದ. ಗಡ್ಡ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಏಳಲು ಹೋದ, ನಾನು ಬೇಡವೆಂದೆ.

"ಬೆಂಚಿನ ಮೇಲಿಡಿ ಕೊಮಾದ್ರೆ. ಕೈಯೆಲ್ಲ ಎಣ್ಣೆ" ಎಂದ.

ಇಟ್ಟೆ. ಅವನ ಊಟದ ಬಗ್ಗೆ ಯಾರು ಕೇಳಿದರು ಅಂತ ಹೇಳಬೇಕೆನಿಸಿತು. ಹೇಳುವ ಅಧಿಕಾರ ನನಗಿದೆಯೋ ಇಲ್ಲವೋ ತಿಳಿಯಲಿಲ್ಲ. ಅವನು ಬ್ರೇಕಿನ ಹಿಡಿಕೆಯನ್ನು ಒತ್ತಿ ಒತ್ತಿ ನೋಡುತ್ತಲೇ ಇದ್ದ. ನಾನು ಮನೆಗೆ ಬಂದೆ.